ತುಂಗಭದ್ರಾ ಗೇಟ್ ಕೊಚ್ಚಿಹೋದ ಮೇಲೆ ಕೈಗಾ ಚಿಂತೆ: ಹುಬ್ಬಳ್ಳಿ-ಧಾರವಾಡದ ನಾವು ಏನು ಕೇಳಬೇಕು?

ಕೇಶ್ವಾಪುರದ ಅಕ್ಕ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಈ 2024ರ ಮಳೆಗಾಲ ಒಂದರ ಹಿಂದೆ ಒಂದು ಸುದ್ದಿ ಕೇಳಿ ಎದೆ ನಡುಗಿದೆ. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತು. ಜುಲೈ 30ಕ್ಕೆ ವಯನಾಡಿನಲ್ಲಿ ಮಲಗಿದ್ದ ಊರುಗಳೇ ಮಣ್ಣುಪಾಲಾದವು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ನೀರು ಹೊರಬಿಡೋ 19ನೇ ಕ್ರಸ್ಟ್ ಗೇಟಿನ ಚೈನ್ ಕಡಿದು ಗೇಟೇ ನೀರುಪಾಲಾಯಿತು. ಅವತ್ತಿನಿಂದ ತಲೆಯಲ್ಲಿ ಒಂದೇ ಪ್ರಶ್ನೆ. ತುಂಗಭದ್ರಾ ಅಣೆಕಟ್ಟಿನ ಸಾಮರ್ಥ್ಯ ಸುಮಾರು 105 ಟಿಎಂಸಿ. ಕಾಳಿ ನದಿಯ ಸೂಪಾದಲ್ಲಿ ಸುಮಾರು 145. ಸೂಪಾದ ಕೆಳಗೆ ಕೊಡಸಳ್ಳಿ ಅಣೆಕಟ್ಟು, ಅದರ ಕೆಳಗೆ ಕೈಗಾ ಅಣುಸ್ಥಾವರ. ಮೇಲೆ ಏನಾದರೂ ಎಡವಟ್ಟಾದರೆ ಕೆಳಗಿನವರ ಗತಿ ಏನು?

ಅಣುವಿದ್ಯುತ್ ಬೇಡವೇ ಬೇಡ ಅಂತ ಹೇಳಲು ನಾನು ಬಂದಿಲ್ಲ. ಆದರೆ ಕೈಗಾ ಇರೋದು ಕಾರವಾರ ತಾಲ್ಲೂಕಿನಲ್ಲಿ, ನಮಗ್ಯಾಕೆ ಅಂತ ಮನೆಯಲ್ಲಿ ಹೇಳಿದರೆ ಒಪ್ಪಲು ಮನಸ್ಸಾಗಲ್ಲ. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಹುಬ್ಬಳ್ಳಿಯಿಂದ ಸುಮಾರು 90 ಕಿ.ಮೀ. ಕಲಘಟಗಿಯಿಂದ 65ರ ಆಸುಪಾಸು. ತಿಳಿದವರು ಬಿಡಿಸಿ ಹೇಳಿ. ಹೆದರಿಸಲೂ ಬೇಡಿ, ಸುಮ್ನೆ ಸಮಾಧಾನವೂ ಮಾಡಬೇಡಿ.

ಮುಂಡರಗಿ ರೈತ

ಅಕ್ಕಾರೆ, ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮ ಬೀಗರು ಗಂಗಾವತಿ ಕಡೆಯವರು. ಆ ರಾತ್ರಿ ಅವರು ನಿದ್ದೆ ಮಾಡಲಿಲ್ಲ. ಒಂದು ಗೇಟಿನಿಂದಲೇ 35 ಸಾವಿರ ಕ್ಯೂಸೆಕ್ ಹರಿಯಿತು. ಕಟ್ಟೆ ಮೇಲಿನ ಒತ್ತಡ ಇಳಿಸಲು 33 ಗೇಟುಗಳಲ್ಲಿ ಉಳಿದವನ್ನೂ ಎತ್ತಿ ನೀರು ಬಿಡಬೇಕಾಯಿತು. ಬೀಗರಿಗೆ ಎರಡನೇ ಬೆಳೆಯ ಚಿಂತೆ, ನದಿ ಪಾತ್ರದವರಿಗೆ ಮನೆಯ ಚಿಂತೆ. ಕಡೆಗೆ ಹರಿಯೋ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ಗೇಟಿನ ಜಾಗ ಮುಚ್ಚೋ ತಾತ್ಕಾಲಿಕ ಉಕ್ಕಿನ ತಡೆ, ಇಳಿಸಿದರು. ದೊಡ್ಡ ಕೆಲಸ ಮಾಡಿದರು, ಅದಕ್ಕೆ ಕೈ ಮುಗೀತೀನಿ. ಆದರೆ 70 ವರ್ಷದ ಗೇಟಿಗೆ ಬದಲಿ ಗೇಟು ಮೊದಲೇ ತಯಾರಿರಲಿಲ್ಲ ಅನ್ನೋದು ಎಲ್ಲರ ಕಣ್ಣಿಗೂ ಕಂಡಿತಲ್ಲ?

ಗದಗ ಮಾಸ್ತರ

ನಾನು ಭೌತಶಾಸ್ತ್ರ ಕಲಿಸಿದವನು. ಗೊತ್ತಿರೋದನ್ನು ಹೇಳ್ತೀನಿ.

ಅಣುಸ್ಥಾವರ ಅಂದ ಕೂಡಲೇ ಜನಕ್ಕೆ ಬಾಂಬ್ ನೆನಪಾಗುತ್ತದೆ. ರಿಯಾಕ್ಟರ್ ಬಾಂಬಿನ ಹಾಗೆ ಸ್ಫೋಟ ಆಗಲ್ಲ. ಅಪಾಯ ಬೇರೆ ಇದೆ. ರಿಯಾಕ್ಟರ್ ನಿಲ್ಲಿಸೋದು ಕೆಲವೇ ಸೆಕೆಂಡಿನ ಕೆಲಸ. ಆದರೆ ಒಲೆಯ ಉರಿ ಆರಿಸಿದ ಮೇಲೂ ಕೆಂಡ ಕಾವು ಬಿಡೋ ಹಾಗೆ, ನಿಂತ ರಿಯಾಕ್ಟರಿನ ಇಂಧನವೂ ಬಿಸಿ ಹುಟ್ಟಿಸುತ್ತಲೇ ಇರುತ್ತದೆ. ನಿಂತ ಕ್ಷಣದಲ್ಲಿ ಪೂರ್ತಿ ಶಕ್ತಿಯ 6ರಿಂದ 7 ಶೇಕಡಾ. ಒಂದು ದಿನ ಕಳೆದರೆ 1 ಶೇಕಡಾಕ್ಕಿಂತ ಕಡಿಮೆ. ಕಡಿಮೆ ಅನ್ನಿಸಬಹುದು. ಅಷ್ಟು ಬಿಸಿಯನ್ನೂ ದಿನಗಟ್ಟಲೆ ನೀರು ಹಾಯಿಸಿ ತೆಗೀತಾ ಇರಬೇಕು. ಅದಕ್ಕೆ ಪಂಪ್ ಬೇಕು, ಪಂಪಿಗೆ ಕರೆಂಟ್ ಬೇಕು.

ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಆಗಿದ್ದು ಇದೇ. 2011ರ ಮಾರ್ಚ್ 11ರ ಮಧ್ಯಾಹ್ನ ಭೂಕಂಪ ಆದಾಗ ಓಡುತ್ತಿದ್ದ 3 ರಿಯಾಕ್ಟರ್ ತಾವಾಗಿಯೇ ನಿಂತವು. ಹೊರಗಿನ ಕರೆಂಟ್ ಹೋಯಿತು, ಡೀಸೆಲ್ ಜನರೇಟರ್ ಶುರುವಾದವು. ಅಲ್ಲಿಯವರೆಗೆ ಎಲ್ಲ ಸರಿಯೇ ಇತ್ತು. ಮುಕ್ಕಾಲು ಗಂಟೆ ಆದ ಮೇಲೆ ಸುನಾಮಿ ಬಂತು. ಸ್ಥಾವರ ಕಟ್ಟಿದಾಗ ಲೆಕ್ಕ ಹಿಡಿದಿದ್ದು 5.7 ಮೀಟರ್ ಅಲೆ. ಬಂದಿದ್ದು ಸುಮಾರು 14 ಮೀಟರ್. ಜನರೇಟರುಗಳಲ್ಲಿ ಹೆಚ್ಚಿನವು, ಸ್ವಿಚ್ ಬೋರ್ಡುಗಳು ನೆಲಮಾಳಿಗೆಯಲ್ಲಿದ್ದವು. ಎಲ್ಲ ಮುಳುಗಿತು. ಇಂಧನ ಕರಗಿತು, ಹೈಡ್ರೋಜನ್ ಹುಟ್ಟಿ ಕಟ್ಟಡಗಳು ಸಿಡಿದವು.

ಅದೇ ಜಾಗದಲ್ಲಿ 5 ಮತ್ತು 6ನೇ ಘಟಕ ಉಳಿದವು. 6ನೇ ಘಟಕದ ಒಂದು ಜನರೇಟರ್ ಎತ್ತರದ ಜಾಗದಲ್ಲಿತ್ತು, ಗಾಳಿಯಿಂದ ತಂಪಾಗುವಂಥದ್ದು. ಅದೊಂದು ಎರಡು ಘಟಕ ಕಾಪಾಡಿತು. ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರ ಇದ್ದ ಒನಗಾವಾ ಸ್ಥಾವರವೂ ಉಳಿಯಿತು. ಅದನ್ನು ಮೊದಲೇ ಎತ್ತರದಲ್ಲಿ ಕಟ್ಟಿದ್ದರು. ಮನೆ ಕಳೆದುಕೊಂಡ ಸುತ್ತಲಿನ ಜನ ಅದೇ ಸ್ಥಾವರದ ಒಳಗೆ ಆಶ್ರಯ ಪಡೆದರು. ಜನರೇಟರ್ ಎಲ್ಲಿ ಇಡಬೇಕು, ನೆಲ ಎಷ್ಟು ಎತ್ತರ ಇರಬೇಕು ಅಂತ ಮೊದಲೇ ಕೇಳಿಕೊಂಡಿದ್ದರೆ ಫುಕುಶಿಮಾ ಉಳೀತಿತ್ತು. ಜಪಾನಿನ ಸಂಸತ್ತು ನೇಮಿಸಿದ ಆಯೋಗ 2012ರಲ್ಲಿ ಇದನ್ನು ಮನುಷ್ಯರೇ ಮಾಡಿಕೊಂಡ ಅನಾಹುತ ಅಂತ ಬರೆಯಿತು.

ಸಪ್ತಾಪುರ ಹುಡುಗ, ಧಾರವಾಡ

ಮಾಸ್ತರೇ, ತುಂಬಾ ಚೆನ್ನಾಗಿ ಹೇಳಿದ್ರಿ. ಆದರೆ ಕೈಗಾದ ಪಕ್ಷ ವಹಿಸಿ ನಾನೂ ನಾಲ್ಕು ಮಾತು ಹೇಳಲೇಬೇಕು. ಕೈಗಾಕ್ಕೆ ಸುನಾಮಿ ಬರಲ್ಲ, ಅದು ಸಮುದ್ರದಿಂದ ಒಳಗೆ ಘಟ್ಟದ ಬುಡದಲ್ಲಿದೆ. ಅಲ್ಲಿರೋ 4 ಘಟಕಗಳೂ ತಲಾ 220 ಮೆಗಾವಾಟಿನ ಭಾರಜಲದ (ಹೆವಿ ವಾಟರ್) ರಿಯಾಕ್ಟರುಗಳು. ಫುಕುಶಿಮಾದ ಮಾದರಿಯಲ್ಲ. ಪಂಪ್ ನಿಂತರೂ ಬಿಸಿನೀರು ತಾನಾಗಿ ಮೇಲೇರಿ ಸ್ಟೀಮ್ ಜನರೇಟರಿನಲ್ಲಿ (ಕರೆಂಟಿನ ಜನರೇಟರ್ ಅಲ್ಲ, ಹಬೆ ಹುಟ್ಟಿಸೋ ಪಾತ್ರೆ) ತಂಪಾಗಿ ಇಳಿಯುವ ವ್ಯವಸ್ಥೆ ಇದೆ. ಇಂಧನದ ಸುತ್ತ ಬೇರೆ ನೀರೂ ತುಂಬಿರುತ್ತದೆ. ಅದರಿಂದ ಸಮಯ ಸಿಗುತ್ತದೆ. 2004ರ ಸುನಾಮಿಯಲ್ಲಿ ಕಲ್ಪಾಕ್ಕಂನ ಪಂಪ್‌ಹೌಸಿಗೆ ನೀರು ನುಗ್ಗಿದರೂ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಿದರು. ಕೈಗಾದ 1ನೇ ಘಟಕ 2018ರಲ್ಲಿ 962 ದಿನ ಒಂದೇ ಸಮನೆ ಓಡಿ ಜಗತ್ತಿನ ದಾಖಲೆ ಮಾಡಿತು. ಅಲ್ಲಿ ದುಡಿಯೋರು ಕೆಲಸ ಗೊತ್ತಿರೋರು. ಅಣೆಕಟ್ಟು ಒಡೆದರೆ ನೀರು ಎಷ್ಟು ಎತ್ತರ ಬರುತ್ತದೆ ಅಂತ ಲೆಕ್ಕ ಹಾಕಿಯೇ ಜಾಗ ಆರಿಸಬೇಕು ಅಂತ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮವೂ ಇದೆ.

ಕಲ್ಲಿದ್ದಲು ಸುಟ್ಟ ಹೊಗೆಯಿಂದ ಪ್ರತಿ ವರ್ಷ ಸಾಯೋ ಜನರ ಬಗ್ಗೆ ಯಾರೂ ಹೀಗೆ ಚರ್ಚೆ ಮಾಡಲ್ಲ ಅನ್ನೋದು ನನಗೆ ನಿಜವಾಗಲೂ ಬೇಜಾರು.

ನರೇಂದ್ರ ಕ್ರಾಸ್, ನಿವೃತ್ತ

ತಮ್ಮಾ, ನಿನ್ನ ಮಾತಿನಲ್ಲಿ ಹುರುಳಿದೆ. ನಾನು ಲೈನಿನ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಕೈಗಾದಿಂದ 400 ಕೆವಿ ಲೈನು ನಮ್ಮ ಧಾರವಾಡದ ನರೇಂದ್ರ ಸಬ್‌ಸ್ಟೇಷನ್ನಿಗೇ ಬರುತ್ತದೆ. ದಟ್ಟ ಕಾಡು ದಾಟಿ ಬರೋ ಲೈನು ಅದು. ಕರೆಂಟ್ ಅಲ್ಲಿಂದ ಇಲ್ಲಿಗೆ ಬರೋದು ಎಲ್ಲರಿಗೂ ಗೊತ್ತು. ಸ್ಥಾವರ ನಿಂತಾಗ ಅದೇ ಲೈನಿನಲ್ಲಿ ಇಲ್ಲಿಂದ ಅಲ್ಲಿಗೂ ಕರೆಂಟ್ ಹೋಗಬೇಕು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಘಟ್ಟದಲ್ಲಿ ಗುಡ್ಡ ಜರಿದು ಟವರ್ ಬಿದ್ದರೆ ಅದೂ ಹೋಯಿತು. ಬೇರೆ ಕಡೆಯಿಂದಲೂ ಕರೆಂಟ್ ಸಿಗದಿದ್ದರೆ ಮುಂದೆ ಡೀಸೆಲ್ಲೇ ಗತಿ.

ಒಂದು ಹಳೆಯ ಪ್ರಸಂಗ ಹೇಳ್ತೀನಿ. ಉತ್ತರಪ್ರದೇಶದ ನರೋರಾದಲ್ಲಿ 1993ರ ಮಾರ್ಚ್ 31ರಂದು ಟರ್ಬೈನಿನ ಬ್ಲೇಡ್ ಮುರಿದು ಬೆಂಕಿ ಹತ್ತಿತು. ಕೇಬಲ್ಲುಗಳಿಗೆ ಬೆಂಕಿ ತಗುಲಿ ಇಡೀ ಘಟಕದ ಕರೆಂಟ್ ಹೋಯಿತು. 17 ಗಂಟೆ ಕತ್ತಲೆ. ಕಂಟ್ರೋಲ್ ರೂಮಿಗೆ ಹೊಗೆ ತುಂಬಿ ಒಳಗೆ ನಿಲ್ಲಲು ಆಗಲಿಲ್ಲ. ಅಲ್ಲಿನ ಹುಡುಗರು ಟಾರ್ಚ್ ಹಿಡಿದು ಮೇಲೆ ಹತ್ತಿ, ರಿಯಾಕ್ಟರ್ ಮತ್ತೆ ಚುರುಕಾಗದ ಹಾಗೆ ಬೋರಾನ್ ದ್ರಾವಣ ಬಿಟ್ಟರು. ಬೆಂಕಿ ನಂದಿಸಲು ಇಟ್ಟಿದ್ದ ಡೀಸೆಲ್ ಪಂಪಿನಿಂದ ಸ್ಟೀಮ್ ಜನರೇಟರಿಗೆ ನೀರು ಹಾಯಿಸಿದರು. ಅನಾಹುತ ತಪ್ಪಿತು. ಅದೂ ಕೈಗಾದ ಹಾಗೆ ಭಾರಜಲದ 220 ಮೆಗಾವಾಟ್ ಘಟಕವೇ. ನೀನು ಹೇಳಿದ, ತಾನಾಗಿ ನೀರು ತಿರುಗೋ ವ್ಯವಸ್ಥೆ ಅವತ್ತು ಕೆಲಸ ಮಾಡಿತು. ಅದಕ್ಕೆ ಹೊರಗಿನಿಂದ ನೀರು ಹಾಕೋ ಮನುಷ್ಯರೂ ಬೇಕಾದರು.

ಮರು ವರ್ಷ, 1994ರ ಜೂನಿನಲ್ಲಿ, ಗುಜರಾತಿನ ಕಾಕ್ರಾಪಾರದಲ್ಲಿ ಜೋರು ಮಳೆಗೆ ಟರ್ಬೈನ್ ಕಟ್ಟಡದೊಳಗೆ ನೀರು ನುಗ್ಗಿತ್ತು. ಅಲ್ಲಿ ಸಮುದ್ರದ ಅಲೆ ಬಂದಿರಲಿಲ್ಲ ನೋಡು, ಬರೀ ಮಳೆನೀರು.

ಎಪಿಎಂಸಿ ಲಾರಿ, ಹುಬ್ಬಳ್ಳಿ

ಸ್ಥಾವರದ ಒಳಗಿನದು ನನಗೆ ತಿಳಿಯಲ್ಲ. ರಸ್ತೆ ತಿಳೀತದೆ. 2021ರ ಜುಲೈನಲ್ಲಿ ಅರಬೈಲ್ ಘಟ್ಟ ಕುಸಿದು ಹುಬ್ಬಳ್ಳಿ-ಅಂಕೋಲಾ ರಸ್ತೆ ಬಂದ್. ಅದೇ ಹೊತ್ತಿಗೆ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡವೇ ಇಳೀತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ನಮ್ಮ ಗಾಡಿ ಯಲ್ಲಾಪುರದಲ್ಲಿ ಮೆಣಸಿನಕಾಯಿ ಲೋಡ್ ಹೊತ್ತು ನಿಂತೇಬಿಟ್ಟಿತು. ಡ್ರೈವರ್ ತಾಡಪತ್ರಿ ಮೇಲೆ ತಾಡಪತ್ರಿ ಹಾಕಿದರೂ ಕೆಳಗಿನ ಚೀಲ ತೊಯ್ದು ಬೂಸು ಹಿಡಿದವು. ಕಾರವಾರದಿಂದ ಕೈಗಾ ಮೇಲೆ ಹಾದು ಯಲ್ಲಾಪುರಕ್ಕೆ ಬರೋ ರಸ್ತೆಯೂ ಘಟ್ಟದ್ದೇ. ಈ ವರ್ಷ ಶಿರೂರಿನಲ್ಲಿ ಕರಾವಳಿ ಹೆದ್ದಾರಿಯೇ ಮುಚ್ಚಿತು.

ಹಾಗಾದರೆ ಜೋರು ಮಳೆಯ ದಿನ ಕೈಗಾದ ಜನ ಯಾವ ಕಡೆ ಹೊರಡಬೇಕು? ಇಲ್ಲಿಂದ ಡೀಸೆಲ್ ಟ್ಯಾಂಕರ್ ಹೇಗೆ ಹೋಗಬೇಕು? ನನ್ನ ಪ್ರಶ್ನೆ ಇಷ್ಟೇ.

ಗದಗ ಮಾಸ್ತರ

ಲಾರಿ ಅಣ್ಣಾವ್ರು ಕೇಳಿದ್ದೇ ಮುಖ್ಯ ಪ್ರಶ್ನೆ. ಈ ವರ್ಷ ಜನವರಿ 1ಕ್ಕೆ ಜಪಾನಿನ ನೋಟೋದಲ್ಲಿ 7.6ರ ಭೂಕಂಪ ಆಯಿತು. ಹತ್ತಿರದ ಶಿಕಾ ಸ್ಥಾವರ 2011ರಿಂದ ನಿಂತೇ ಇತ್ತು, ಹಾಗಾಗಿ ದೊಡ್ಡ ಅಪಾಯ ಆಗಲಿಲ್ಲ. ಟ್ರಾನ್ಸ್‌ಫಾರ್ಮರುಗಳಿಂದ ಎಣ್ಣೆ ಸೋರಿತು. ಆದರೆ ತುರ್ತಿನಲ್ಲಿ ಜನ ಹೋಗಬೇಕು ಅಂತ ಕಾಗದದ ಮೇಲೆ ಬರೆದಿದ್ದ ರಸ್ತೆಗಳೇ ಒಡೆದು, ಮಣ್ಣು ಬಿದ್ದು ಮುಚ್ಚಿದ್ದವು. ವಿಕಿರಣ ಅಳೆಯೋ ಕೆಲವು ಯಂತ್ರಗಳಿಂದ ಮಾಹಿತಿ ಬರೋದೇ ನಿಂತಿತ್ತು. ನಿಸರ್ಗದ ಅನಾಹುತ ಸ್ಥಾವರಕ್ಕೆ ಮಾತ್ರ ಬರಲ್ಲ. ರಸ್ತೆ, ಫೋನು, ಆಸ್ಪತ್ರೆ ಎಲ್ಲಕ್ಕೂ ಒಟ್ಟಿಗೇ ಬರುತ್ತದೆ.

ಮಲ್ಲಾಪುರದ ಮಗಳು, ಈಗ ಹಾವೇರಿ ಸೊಸೆ

ಇದನ್ನೆಲ್ಲ ಓದಿ ಸುಮ್ಮನಿರಲು ಆಗಲಿಲ್ಲ. ನನ್ನ ತವರು ಕೈಗಾದ ಪಕ್ಕ. ಊರಲ್ಲಿ ಅರ್ಧ ಜನ ಸ್ಥಾವರದಲ್ಲೇ ಕೆಲಸ ಮಾಡೋರು. ದೂರದವರು ಮಾತಾಡೋವಾಗ ನಮ್ಮ ಊರನ್ನು ವಿಷದ ಊರು ಅನ್ನೋ ಹಾಗೆ ಮಾತಾಡಬೇಡಿ, ಅದು ನೋವಾಗುತ್ತದೆ.

ಅಲ್ಲಿ ಯೋಜನೆಯೇ ಇಲ್ಲ ಅನ್ನೋದು ಸರಿಯಲ್ಲ. ತುರ್ತು ಯೋಜನೆಗೆ 16 ಕಿ.ಮೀ. ವಲಯ ಗುರುತಿಸಿದ್ದಾರೆ. ಊರಿನವರೆಗೂ ಬರುವ ಅಣಕು ಕಾರ್ಯಾಚರಣೆ ಎರಡು ವರ್ಷಕ್ಕೊಮ್ಮೆ ಮಾಡಬೇಕು ಅಂತ ನಿಯಮ ಇದೆ. ಅಣ್ಣ ಒಮ್ಮೆ ಅದರಲ್ಲಿ ಇದ್ದ. ಜೀಪಿನಲ್ಲಿ ಮೈಕ್ ಕಟ್ಟಿ, ಬಾಗಿಲು ಕಿಟಕಿ ಹಾಕಿಕೊಳ್ಳಿ ಅಂತ ಕೂಗುತ್ತಾರೆ. ವಿಕಿರಣದಿಂದ ಥೈರಾಯ್ಡ್ ಕಾಪಾಡೋ ಅಯೋಡಿನ್ ಮಾತ್ರೆ ಹೇಗೆ ಹಂಚಬೇಕು ಅಂತ ತೋರಿಸುತ್ತಾರೆ. ಬಸ್ಸು ಬಂದು ನಿಲ್ಲುತ್ತದೆ. ಎಲ್ಲ ಒಣ ದಿನ, ಬಿಸಿಲಿನಲ್ಲಿ.

2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕದ್ರಾ, ಮಲ್ಲಾಪುರದ ಮನೆಗಳಿಗೆ ನೀರು ಹೊಕ್ಕಿತು. ಚಿಕ್ಕಮ್ಮನ ಮನೆಯಲ್ಲಿ ಗೋಡೆಗೆ ಸೊಂಟದ ಮಟ್ಟ ಕೆಸರಿನ ಗೆರೆ. ಅಕ್ಕಿ ಡಬ್ಬಿ ಅಟ್ಟಕ್ಕೆ ಏರಿಸುವಷ್ಟರಲ್ಲಿ ಗ್ಯಾಸ್ ಸಿಲಿಂಡರ್ ತೇಲುತ್ತಿತ್ತಂತೆ. ಕರೆಂಟ್ ಇಲ್ಲ, ಮೊಬೈಲ್ ಟವರ್ ಇಲ್ಲ. ಅಂಥ ರಾತ್ರಿ ಆ ಜೀಪು ಯಾವ ರಸ್ತೆಯಲ್ಲಿ ಬರುತ್ತದೆ? ಅಣಕು ಕಾರ್ಯಾಚರಣೆ ಮಾಡಿದರೆ ಜುಲೈ ತಿಂಗಳ ರಾತ್ರಿ ಮಾಡಲಿ.

ಇನ್ನೊಂದು ಮಾತು. ಕದ್ರಾ ಅಣೆಕಟ್ಟು ಸ್ಥಾವರದ ಕೆಳಗಿದೆ, ಅದರ ಹಿನ್ನೀರೇ ಸ್ಥಾವರಕ್ಕೆ ತಂಪು ನೀರು. ಮೇಲಿನಿಂದ ನೀರು ಜಾಸ್ತಿ ಬಂದರೆ ಒಂದು ಕಷ್ಟ, ಕದ್ರಾ ಖಾಲಿಯಾದರೆ ಇನ್ನೊಂದು ಕಷ್ಟ. ಎಲ್ಲರೂ ಬರೀ ಸೂಪಾ ಬಗ್ಗೆಯೇ ಕೇಳುತ್ತಾರೆ.

ಕೊಣ್ಣೂರ, ನರಗುಂದ ತಾಲ್ಲೂಕು

ತಂಗಿ ಹೇಳಿದ್ದು ಅಕ್ಷರಶಃ ನಿಜ. 2019ರಲ್ಲಿ ಮಲಪ್ರಭೆ ನಮ್ಮ ಊರೊಳಗೆ ಬಂದಾಗ ನವಿಲುತೀರ್ಥ ಅಣೆಕಟ್ಟಿನಿಂದ ಎಷ್ಟು ನೀರು ಬಿಡ್ತಾರೆ, ಯಾವಾಗ ಬಿಡ್ತಾರೆ ಅಂತ ನಮಗೆ ತಿಳಿದಿದ್ದು ವಾಟ್ಸಾಪಿನಿಂದ. ಒಬ್ಬರು 30 ಸಾವಿರ ಕ್ಯೂಸೆಕ್ ಅಂದರು, ಇನ್ನೊಬ್ಬರು 80 ಸಾವಿರ ಅಂದರು. ಕಚೇರಿಗೆ ಫೋನ್ ಮಾಡಿದರೆ ಎತ್ತೋರಿಲ್ಲ. ಎಮ್ಮೆ ಬಿಚ್ಚಲೋ ಬೇಡವೋ ಅಂತ ತೀರ್ಮಾನ ಮಾಡಲಾಗದೆ ನಿಂತ ಆ ಹೊತ್ತು ಮರೆಯಲ್ಲ. ಬರೀ ನೀರಿನ ಸುದ್ದಿಗೇ ಹೀಗಾದರೆ, ಕಣ್ಣಿಗೆ ಕಾಣದ ವಿಕಿರಣದ ಸುದ್ದಿ ಯಾರು ನಂಬುವಂತೆ ಹೇಳ್ತಾರೆ?

ಮಾಳಮಡ್ಡಿ ಅಜ್ಜ, ಧಾರವಾಡ

ನಂಬಿಕೆಯ ಮಾತು ಬಂತಲ್ಲ, ಹೇಳ್ತೀನಿ. ಈ ಚಿಂತೆ ಹೊಸದಲ್ಲ. ಕೈಗಾ ಬೇಡ ಅಂತ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೇ ನಿಂತರು. ಕುಸುಮಾ ಸೊರಬ ಅವರು ಉತ್ತರ ಕನ್ನಡದ ಊರೂರಲ್ಲಿ ಜನರನ್ನು ಸೇರಿಸಿದರು. 1994ರ ಮೇ 13ರಂದು, ಇನ್ನೂ ಕಟ್ಟುತ್ತಿರುವಾಗಲೇ, ರಿಯಾಕ್ಟರಿನ ಮೇಲಿನ ಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿತ್ತು, ಕಾರ್ಮಿಕರಿಗೆ ಗಾಯವಾಯಿತು. 2009ರ ನವೆಂಬರಿನಲ್ಲಿ ನೌಕರರು ಕುಡಿಯೋ ನೀರಿನ ಕೂಲರಿನಲ್ಲೇ ಟ್ರಿಟಿಯಂ ಅನ್ನೋ ವಿಕಿರಣಶೀಲ ವಸ್ತು ಸೇರಿತ್ತು, ಯಾರೋ ಬೇಕೆಂದೇ ಹಾಕಿದ್ದು ಅಂತ ಹೇಳಿದರು. ಸ್ಥಾವರ ಚೆನ್ನಾಗಿ ಓಡಿದ್ದೂ ನಿಜ, ಇವೂ ನಿಜ. ಎರಡನ್ನೂ ಮುಚ್ಚುಮರೆ ಇಲ್ಲದೆ ಹೇಳಿದರೆ ಜನ ನಂಬುತ್ತಾರೆ. ಏನೂ ಆಗಿಲ್ಲ ಏನೂ ಆಗಲ್ಲ ಅಂದರೆ ಯಾರೂ ನಂಬಲ್ಲ.

ಕಲಘಟಗಿ ಹಾಲು

ನಾನು ನಮ್ಮೂರ ಹಾಲಿನ ಸಂಘದಲ್ಲಿ ಹಾಲು ತಗೊಳ್ಳೋನು. ನಸುಕಿನಲ್ಲಿ ಕ್ಯಾನ್ ಹಿಡಿದು ಸಾಲು ನಿಲ್ಲುತ್ತಾರೆ. ಪ್ರತಿ ಮನೆಯ ಹಾಲಿನಿಂದ ಒಂದು ಚಿಕ್ಕ ಬಾಟಲಿ ತೆಗೆದು ಯಂತ್ರಕ್ಕೆ ಇಟ್ಟು ಫ್ಯಾಟ್ ನೋಡ್ತೀವಿ, ನೀರು ಬೆರೆಸಿದ್ದಾರಾ ನೋಡ್ತೀವಿ, ಚೀಟಿ ಹರಿದು ಕೊಡ್ತೀವಿ. ಆಮೇಲೆ ಎಲ್ಲ ಒಂದೇ ಟ್ಯಾಂಕಿಗೆ. ಮಾಸ್ತರೇ, ವಿಕಿರಣ ಹಾಲಿಗೆ ಬರುತ್ತದೆ ಅಂತ ಎಲ್ಲೋ ಕೇಳಿದೆ. ಹೌದಾ? ನಮ್ಮ ದನ ಮೇಯೋದು ಕಾಡಂಚಿನಲ್ಲಿ, ಯಲ್ಲಾಪುರ-ಮುಂಡಗೋಡ ಕಡೆಗೆ ಮುಖ ಮಾಡಿದ ಬಯಲು.

ಗದಗ ಮಾಸ್ತರ

ಹೌದು ಅಣ್ಣಾ. ನಮ್ಮ ಭಾಗಕ್ಕೆ ಇದೇ ಎಲ್ಲಕ್ಕಿಂತ ಮುಖ್ಯ ವಿಷಯ ಅಂತ ನನ್ನ ಅಭಿಪ್ರಾಯ.

ಅಪಘಾತದಲ್ಲಿ ಹೊರಬೀಳೋ ವಿಕಿರಣಶೀಲ ಅಯೋಡಿನ್ ಗಾಳಿಯಲ್ಲಿ ಬಂದು ಮಳೆಯೊಂದಿಗೆ ಹುಲ್ಲಿನ ಮೇಲೆ ಇಳಿಯುತ್ತದೆ. ಹುಲ್ಲು ತಿಂದ ಹಸುವಿನ ಹಾಲಿಗೆ ಬರುತ್ತದೆ. ಹಾಲು ಕುಡಿದ ಮಗುವಿನ ಥೈರಾಯ್ಡ್ ಗ್ರಂಥಿಯಲ್ಲಿ ಸೇರುತ್ತದೆ. 1986ರ ಚೆರ್ನೋಬಿಲ್ ಅಣುದುರಂತ ಆದ ಮೇಲೆ ಸಾವಿರಾರು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂದದ್ದು ಬಹುಪಾಲು ಇದೇ ದಾರಿಯಲ್ಲಿ. ಅಲ್ಲಿ ಹಾಲು ಕುಡಿಯಬೇಡಿ ಅಂತ ಸರಿಯಾದ ಹೊತ್ತಿಗೆ ಯಾರೂ ಹೇಳಲಿಲ್ಲ. ಫುಕುಶಿಮಾದಲ್ಲಿ ಕೆಲವೇ ದಿನದಲ್ಲಿ ಹಾಲು, ಸೊಪ್ಪು ತಡೆದರು. ಈ ಅಯೋಡಿನ್ 8 ದಿನಕ್ಕೆ ಅರ್ಧ ಆಗುತ್ತದೆ. ಎರಡು-ಮೂರು ತಿಂಗಳು ಹಾಲು ತಡೆದರೆ, ಪುಡಿ ಮಾಡಿ ಇಟ್ಟುಕೊಂಡರೆ ಅದರ ಅಪಾಯ ಬಹಳಷ್ಟು ಕಳೆಯುತ್ತದೆ. ಸೀಸಿಯಂ ಅನ್ನೋ ಇನ್ನೊಂದು ವಿಕಿರಣಶೀಲ ವಸ್ತು ಮಾತ್ರ ಬಹಳ ವರ್ಷ ಉಳಿಯುತ್ತದೆ.

ದೂರದ ಲೆಕ್ಕವೂ ಹೇಳ್ತೀನಿ. ಫುಕುಶಿಮಾದಲ್ಲಿ 20 ಕಿ.ಮೀ. ಒಳಗಿನವರನ್ನು ಮೊದಲು ಎಬ್ಬಿಸಿದರು. ಆದರೆ ಮಾರ್ಚ್ 15ಕ್ಕೆ ಗಾಳಿ ವಾಯವ್ಯಕ್ಕೆ ತಿರುಗಿ ಮಳೆ, ಹಿಮ ಬಿದ್ದು 40 ಕಿ.ಮೀ. ಆಚೆಯ ಇಟಾಟೆ ಊರನ್ನೂ ಆಮೇಲೆ ಖಾಲಿ ಮಾಡಿಸಬೇಕಾಯಿತು. 200 ಕಿ.ಮೀ. ಗಿಂತ ದೂರದ ಟೋಕಿಯೊದಲ್ಲಿ ಮಾರ್ಚ್ 23ಕ್ಕೆ ಕೂಸುಗಳಿಗೆ ನಲ್ಲಿ ನೀರು ಕೊಡಬೇಡಿ ಅಂದರು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿ ಬೀಸೋದು ಪಶ್ಚಿಮದಿಂದ, ಅಂದರೆ ಕೈಗಾ ಕಡೆಯಿಂದ ನಮ್ಮ ಕಡೆಗೆ. ಜೊತೆಗೆ ಮಳೆ. ಅಣೆಕಟ್ಟು ತುಂಬೋದೂ, ಗುಡ್ಡ ಕುಸಿಯೋದೂ ಅದೇ ತಿಂಗಳು.

ಹಾಗಂತ ಹುಬ್ಬಳ್ಳಿ ಬಿಟ್ಟು ಓಡಬೇಕಾಗುತ್ತದೆ ಅಂತ ಯಾರೂ ತಿಳಿಯಬೇಡಿ. ಗಾಬರಿಯಲ್ಲಿ ಓಡಿದರೆ ಜಾಸ್ತಿ ಜನ ಸಾಯುತ್ತಾರೆ. ಫುಕುಶಿಮಾ ಪ್ರಾಂತ್ಯದಲ್ಲಿ ಸ್ಥಳಾಂತರ ಮತ್ತು ಆಮೇಲಿನ ಕಷ್ಟದಿಂದ ಸತ್ತವರು 2,300ಕ್ಕೂ ಹೆಚ್ಚು, ಬಹುತೇಕ ಮುದುಕರು. ವಿಕಿರಣದಿಂದ ಅಂತ ಅಲ್ಲಿನ ಸರ್ಕಾರ 2018ರಲ್ಲಿ ಒಪ್ಪಿದ್ದು ಒಬ್ಬ ಕಾರ್ಮಿಕನ ಸಾವು. 90 ಕಿ.ಮೀ. ದೂರದ ನಮಗೆ ಬೇಕಾದ್ದು ಹಾಲು, ನೀರು, ಸೊಪ್ಪು ಅಳೆಯೋ ವ್ಯವಸ್ಥೆ. ಮನೆಯೊಳಗೇ ಇರಿ ಅಂತ ಹೇಳಿದರೆ ಜನ ನಂಬೋ ಒಂದು ದನಿ. ಯಲ್ಲಾಪುರದ ಕಡೆಯಿಂದ ಬರೋರಿಗೆ ಜಾಗ.

ಸಪ್ತಾಪುರ ಹುಡುಗ, ಧಾರವಾಡ

ಮಾಸ್ತರೇ, ಇದಕ್ಕೆ ನನ್ನದೂ ಸಹಿ. ಸುರಕ್ಷತೆ ಕೇಳಿದರೆ ಅಣುವಿದ್ಯುತ್ತಿನ ವಿರೋಧಿ ಅಂತ ಯಾರಾದರೂ ಅಂದರೆ ಅವರ ಜೊತೆ ನಾನು ವಾದ ಮಾಡ್ತೀನಿ. ಅದರಲ್ಲೂ ಕೈಗಾದಲ್ಲಿ ಇನ್ನೂ ಎರಡು ಘಟಕ, ತಲಾ 700 ಮೆಗಾವಾಟಿನವು ಬರಲಿವೆ. ಈಗಿನ ನಾಲ್ಕೂ ಸೇರಿ 880. ಅವು ಬಂದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ. ಕೇಳೋದಾದರೆ ಈಗಲೇ ಕೇಳಬೇಕು.

ಕೇಶ್ವಾಪುರದ ಅಕ್ಕ, ಹುಬ್ಬಳ್ಳಿ

ಎಲ್ಲರಿಗೂ ಮನಸಾರೆ ಧನ್ಯವಾದ. ನನ್ನ ಭಯಕ್ಕೆ ಈಗ ಒಂದು ಆಕಾರ ಬಂತು. ಧಾರವಾಡ ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೀತಿದ್ದೇನೆ, ಅದರ ಒಂದು ಪ್ರತಿಯನ್ನು ಕಾರವಾರಕ್ಕೂ ಕಳಿಸ್ತೀನಿ. ಕರಡು ಹೀಗಿದೆ, ತಿದ್ದಿ.

"ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳ ಗೇಟುಗಳನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದರು, ಸ್ಟಾಪ್ ಲಾಗ್ ತಯಾರಿದೆಯೇ? ಮೇಲಿನ ಅಣೆಕಟ್ಟು ಒಡೆದರೆ ಕೈಗಾದಲ್ಲಿ ನೀರು ಎಷ್ಟು ಮೀಟರ್ ಏರುತ್ತದೆ, ಡೀಸೆಲ್ ಜನರೇಟರ್ ಅದಕ್ಕಿಂತ ಎಷ್ಟು ಮೇಲಿವೆ? ಕದ್ರಾ ಹಿನ್ನೀರು ಇಳಿದರೆ ತಂಪು ಮಾಡಲು ಬೇರೆ ನೀರು ಎಲ್ಲಿದೆ? ಘಟ್ಟದ ರಸ್ತೆಗಳು ಮುಚ್ಚಿದ ದಿನ ಡೀಸೆಲ್, ವೈದ್ಯರು ಯಾವ ದಾರಿಯಲ್ಲಿ ಹೋಗುತ್ತಾರೆ? ಧಾರವಾಡ ಜಿಲ್ಲೆಯ ವಿಪತ್ತು ಯೋಜನೆಯಲ್ಲಿ ಕೈಗಾ ಅನ್ನುವ ಹೆಸರು ಇದೆಯೇ? ಹಾಲು ಮತ್ತು ನೀರಸಾಗರ, ಮಲಪ್ರಭೆಯ ಕುಡಿಯುವ ನೀರಿನಲ್ಲಿ ವಿಕಿರಣ ಅಳೆಯುವ ಯಂತ್ರ ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲಿದೆ? ಗಾಯಾಳುಗಳು ಬಂದರೆ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ ಏನು ಸಿದ್ಧತೆ ಇದೆ?"

ನರೇಂದ್ರ ಕ್ರಾಸ್, ನಿವೃತ್ತ

ಚೆನ್ನಾಗಿದೆ ಅಕ್ಕಾರೆ. ಲೈನಿನದೂ ಸೇರಿಸಿ. 400 ಕೆವಿ ಲೈನು ಬಿದ್ದರೆ ಬೇರೆ ಯಾವ ಕಡೆಯಿಂದ ಸ್ಥಾವರಕ್ಕೆ ಕರೆಂಟ್ ಕೊಡ್ತಾರೆ, ಎಷ್ಟು ಹೊತ್ತಿನಲ್ಲಿ ಕೊಡ್ತಾರೆ ಅಂತ. ಮತ್ತೆ ಇದನ್ನು ಬರೀ ಅರ್ಜಿಯಾಗಿ ಕೊಟ್ಟರೆ ಮೇಜಿನಲ್ಲೇ ಉಳಿಯಬಹುದು. ಮಾಹಿತಿ ಹಕ್ಕಿನಲ್ಲೂ ಹಾಕಿ, 30 ದಿನದಲ್ಲಿ ಉತ್ತರ ಕೊಡಲೇಬೇಕು.

ಮಲ್ಲಾಪುರದ ಮಗಳು, ಈಗ ಹಾವೇರಿ ಸೊಸೆ

ಅಕ್ಕಾ, ಮಳೆಗಾಲದ ರಾತ್ರಿಯ ಅಣಕು ಕಾರ್ಯಾಚರಣೆ ಬಿಟ್ಟುಹೋಗಿದೆ, ದಯವಿಟ್ಟು ಸೇರಿಸಿ. ಊರಲ್ಲಿ ಕೊಂಕಣಿ ಮಾತಾಡೋ ಮುದುಕರು ಬಹಳ ಇದ್ದಾರೆ. ಮೈಕಿನಲ್ಲಿ ಎರಡೂ ಭಾಷೆಯಲ್ಲಿ ಹೇಳಲಿ ಅಂತಲೂ ಬರೆಯಿರಿ. ಅಣ್ಣನ ಕೈಲಿ ನಮ್ಮ ಪಂಚಾಯಿತಿಯಲ್ಲೂ ಇದೇ ಅರ್ಜಿ ಕೊಡಿಸ್ತೀನಿ.

ಕಲಘಟಗಿ ಹಾಲು

ನಮ್ಮ ಸಂಘದ ಅಧ್ಯಕ್ಷರಿಗೆ ಮಾಸ್ತರರು ಬರೆದಿದ್ದನ್ನು ಓದಿ ಹೇಳಿದೆ. ಮುಂದಿನ ಸಭೆಯಲ್ಲಿ ಹಾಲಿನ ವಿಷಯ ಇಟ್ಟು ಒಕ್ಕೂಟಕ್ಕೆ ಠರಾವು ಕಳಿಸೋಣ ಅಂದಿದ್ದಾರೆ. ಅಕ್ಕಾರೆ, ಅರ್ಜಿಯ ಒಂದು ಪ್ರತಿ ನಮಗೂ ಕೊಡಿ. ಹಾಲು ಹಾಕಲು ಬರೋರ ಸಹಿ ಅಲ್ಲೇ ಹಾಕಿಸ್ತೀವಿ.